ಕಾರ್ ಶೆಡ್ಡಿನ ಶೀಟ್ ತುಂಡಿನಿಂದ ಗರಗಸಕ್ಕೆ ಗಾರ್ಡ್: ಪಾಲಿಕಾರ್ಬೊನೇಟ್ ಹೇಗಿದೆ?

ಟೇಬಲ್ ಗರಗಸಕ್ಕೆ ಗಾರ್ಡ್, ಅಂದರೆ ಬ್ಲೇಡಿನ ಮೇಲೆ ಕೂರುವ ರಕ್ಷಣೆಯ ಮುಚ್ಚಳ, ಮಾಡಿಕೊಳ್ಳುವವರು ಮೊದಲು ಊರಿನ ಫ್ಯಾಬ್ರಿಕೇಶನ್ ಶಾಪ್‌ಗೆ ಹೋಗಿ. ಕಾರ್ ಶೆಡ್ಡಿಗೆ, ಬಾಲ್ಕನಿಗೆ ಹಾಕಿ ಉಳಿದ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ ಶೀಟಿನ ತುಂಡುಗಳು ಅಲ್ಲಿ ಗೋಡೆಗೆ ಒರಗಿರುತ್ತವೆ. ಶಿವಮೊಗ್ಗದ ಅಂಥ ಒಂದು ಶಾಪಿನಿಂದ 4 ಎಂಎಂ ದಪ್ಪದ ತುಂಡನ್ನು 250 ರೂಪಾಯಿಗೆ ತಂದೆ. ಹಿಂಜು, ನಟ್ಟು ಬೋಲ್ಟು ಎಲ್ಲ ಸೇರಿ ಇಡೀ ಗಾರ್ಡ್ 500 ರೂಪಾಯಿ ಒಳಗೆ ಮುಗಿಯಿತು.

ಆರಿಸುವಾಗ ಶೀಟಿನ ಅಂಚು ನೋಡಿ. ಒಳಗೆ ಟೊಳ್ಳಿದ್ದರೆ ಬೇಡ. ಗಟ್ಟಿ ಶೀಟೇ ಬೇಕು, ಕಾಂಪ್ಯಾಕ್ಟ್ ಅಂತ ಕೇಳಿದರೆ ಕೊಡುತ್ತಾರೆ. ಬಣ್ಣದ್ದೂ ಬೇಡ, ಬ್ಲೇಡ್ ಕಾಣಬೇಕಲ್ವಾ.

ಅಕ್ರಿಲಿಕ್ ಕೂಡ ನೋಡಲು ಹೀಗೇ ಇರುತ್ತದೆ. ಆದರೆ ಗುಣ ಬೇರೆ. ಎರಡರ ತುಂಡನ್ನೂ ವೈಸಿಗೆ ಕಚ್ಚಿಸಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಸುತ್ತಿಗೆಯಿಂದ ಹೊಡೆದು ನೋಡಿದೆ. ಅಕ್ರಿಲಿಕ್ ಒಂದೇ ಏಟಿಗೆ ಚೂರುಚೂರಾಯಿತು. ಒಂದೊಂದು ಚೂರೂ ಗಾಜಿನ ಹಾಗೆ ಚೂಪು. ಪಾಲಿಕಾರ್ಬೊನೇಟ್ ಬಾಗಿತು, ಬಾಗಿದ ಕಡೆ ಬಿಳಿ ಗೆರೆ ಮೂಡಿತು, ಅಷ್ಟೇ. ಕೈಯ ಹತ್ತಿರ ಇರುವ ವಸ್ತುವಿಗೆ ಈ ಗುಣ ಬೇಕೇ ಬೇಕು.

ನಮ್ಮಲ್ಲಿರುವುದು ಪ್ಲೈವುಡ್ ಟೇಬಲ್ ಕೆಳಗೆ ತಲೆಕೆಳಗಾಗಿ ಬಿಗಿದ 7 ಇಂಚಿನ ಸರ್ಕ್ಯುಲರ್ ಗರಗಸ. ಸಣ್ಣ ಮರಗೆಲಸದ ಶಾಪುಗಳಲ್ಲಿ ಇದು ಮಾಮೂಲು. ಹಾಗೆ ಬಿಗಿದಾಗ ಕಂಪನಿ ಗಾರ್ಡ್ ಕೆಲಸಕ್ಕೆ ಬರುವುದಿಲ್ಲ, ಬ್ಲೇಡ್ ಬರಿದಾಗಿ ಮೇಲೆ ನಿಲ್ಲುತ್ತದೆ. ಅದಕ್ಕೇ ಶೀಟನ್ನು ಎರಡು ರೀಪಿನ ನಡುವೆ ಬಿಗಿದು, ತಣ್ಣಗಿರುವಾಗಲೇ ಬಗ್ಗಿಸಿ ಪೆಟ್ಟಿಗೆಯ ಆಕಾರಕ್ಕೆ ತಂದೆವು. ಬಿಟ್ಟ ಕೂಡಲೇ ಸ್ವಲ್ಪ ಹಿಂದೆ ಬರುತ್ತದೆ, ಹಾಗಾಗಿ ಒಂದು ಚೂರು ಜಾಸ್ತಿಯೇ ಬಗ್ಗಿಸಬೇಕು. ಸುಮ್ನೆ ಗ್ಯಾಸ್ ಟಾರ್ಚ್ ಹಿಡಿಯಬೇಡಿ, ಒಳಗೆ ಗುಳ್ಳೆ ಏಳುತ್ತದೆ. ಅಂಚಿಗೆ ಅರ ಹಾಕಿ ನುಣುಪು ಮಾಡಿ, ಬಿರುಕು ಶುರುವಾಗುವುದೇ ಅಲ್ಲಿಂದ. ತೂತು ಬೋಲ್ಟಿಗಿಂತ ತುಸು ದೊಡ್ಡದಿರಲಿ. ವಾಷರ್ ಹಾಕಿ, ಸಿಕ್ಕಾಪಟ್ಟೆ ಬಿಗಿಯಬೇಡಿ.

ಪೆಟ್ಟಿಗೆಯನ್ನು ಹಿಂದಿನಿಂದ ಬಂದ ಮರದ ತೋಳಿಗೆ ಹಿಂಜು ಹಾಕಿ ತೂಗಿಸಿದ್ದೇವೆ. ಮುಂಭಾಗ ಇಳಿಜಾರು. ಹಲಗೆ ತಳ್ಳಿದರೆ ತಾನೇ ಮೇಲೇಳುತ್ತದೆ, ಹಲಗೆ ದಾಟಿದ ಮೇಲೆ ತಾನೇ ಇಳಿಯುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಇದು. ಕೆಲಸಕ್ಕೆ ಅಡ್ಡ ಬರುವ, ಕೊಯ್ಯುವ ಗೆರೆ ಕಾಣಿಸದ ಗಾರ್ಡನ್ನು ಎಷ್ಟು ಬೈದರೂ ಹುಡುಗರು ಬಿಚ್ಚಿ ಮೂಲೆಗಿಡುತ್ತಾರೆ. ಇದನ್ನು ಯಾರೂ ಬಿಚ್ಚಿಲ್ಲ.

ಗಾರ್ಡ್ ಕೈಯನ್ನು ಬ್ಲೇಡಿನಿಂದ ದೂರ ಇಡುತ್ತದೆ, ಬ್ಲೇಡಿಗೆ ಸಿಕ್ಕಿ ಮರ ನಮ್ಮ ಕಡೆಗೇ ಹಿಂದಕ್ಕೆ ಒದೆಯುವುದನ್ನು ತಡೆಯುವುದಿಲ್ಲ. ಅದಕ್ಕೆ ಬ್ಲೇಡಿನ ಹಿಂದೆ, ಅದೇ ಸಾಲಿನಲ್ಲಿ ಒಂದು ಸ್ಟೀಲ್ ಪಟ್ಟಿ ನಿಲ್ಲಿಸಬೇಕು. ಬ್ಲೇಡಿನ ತಗಡಿಗಿಂತ ದಪ್ಪ, ಹಲ್ಲು ಕೊಯ್ಯುವ ಅಗಲಕ್ಕಿಂತ ತೆಳು. ಆಗ ಸೀಳಿದ ಮರ ಮತ್ತೆ ಕೂಡಿಕೊಂಡು ಬ್ಲೇಡನ್ನು ಹಿಡಿಯುವುದಿಲ್ಲ. ಸಣ್ಣ ರೀಪು ಸೀಳುವಾಗ ತಳ್ಳಲು ಕೋಲು ಬೇಕೇ ಬೇಕು.

ಕೊರತೆಗಳೂ ಇವೆ. ಬೇಗ ಗೀರು ಬೀಳುತ್ತದೆ. ಮರದ ಪುಡಿ ಅಂಟಿಕೊಂಡು ಮಬ್ಬಾಗುತ್ತದೆ, ಸೋಪಿನ ನೀರಲ್ಲಿ ಮೆತ್ತನೆ ಬಟ್ಟೆ ಅದ್ದಿ ಒರೆಸಬೇಕು. ಥಿನ್ನರ್ ಮಾತ್ರ ಮುಟ್ಟಿಸಬೇಡಿ. ಬಗ್ಗಿಸಿದ ವೇಸ್ಟ್ ತುಂಡಿಗೆ ಥಿನ್ನರ್ ಬಟ್ಟೆ ಒರೆಸಿ ನೋಡಿದೆ. ಬಾಗಿದ ಜಾಗದಲ್ಲೇ ಕೂದಲೆಳೆಯಂಥ ಬಿರುಕುಗಳು ಎದ್ದವು. ಪಾಲಿಶ್ ಕೆಲಸ ಪಕ್ಕದಲ್ಲೇ ನಡೆಯುವ ಶಾಪುಗಳಲ್ಲಿ ಇದನ್ನು ಎಲ್ಲರಿಗೂ ಹೇಳಿಡಬೇಕು.

ಆಂಗಲ್ ಗ್ರೈಂಡರಿಗೂ ಇದೇ ಶೀಟಲ್ಲಿ ಗಾರ್ಡ್ ಮಾಡಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಖಂಡಿತ ಬೇಡ. ಕಟಿಂಗ್ ಡಿಸ್ಕಿನ ಮೇಲೆ ಸೆಕೆಂಡಿಗೆ 80 ಮೀಟರ್ ಅಂತ ಬರೆದಿರುತ್ತದೆ. ಅದು ಡಿಸ್ಕಿನ ಅಂಚು ತಡೆಯಬಲ್ಲ ವೇಗದ ಮಿತಿ, ಗಂಟೆಗೆ 288 ಕಿಲೋಮೀಟರ್. ಅದರ ಹತ್ತಿರದ ವೇಗದಲ್ಲಿ ಡಿಸ್ಕ್ ಒಡೆದರೆ ಚೂರನ್ನು ತಡೆಯಬೇಕಾದದ್ದು ಕಂಪನಿಯ ಸ್ಟೀಲ್ ಗಾರ್ಡ್. ಅದು ಕಳೆದುಹೋಗಿದ್ದರೆ ಮಾಡೆಲ್ ನಂಬರ್ ಬರೆದುಕೊಂಡು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳಿ, ಬರುವ ತನಕ ಆ ಮೆಷಿನ್ ಆನ್ ಮಾಡಬೇಡಿ.