ಸನ್ನೆ ಭಾಷೆ ಪರೀಕ್ಷೆಗೆ ಕೋಚಿಂಗ್ ಅಂತ ದುಡ್ಡು ಕಟ್ಟುವ ಮೊದಲು ಓದಿ

ತುಮಕೂರಿನ ಕಡೆಯವರು ಯಾರಾದರೂ ಸನ್ನೆ ಭಾಷೆ ಇಂಟರ್‌ಪ್ರಿಟರ್ ಆಗಬೇಕು ಅಂತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನದು 18,000 ರೂಪಾಯಿ ಹೋಯಿತು. ದುಡ್ಡಿಗಿಂತ ಜಾಸ್ತಿ ಸಂಕಟ ಆಗಿದ್ದು ಒಂದು ವರ್ಷ ಹಾಳಾಯಿತಲ್ಲ ಅಂತ.

ಗುಬ್ಬಿಯಲ್ಲಿರುವ ನಮ್ಮ ಸೋದರಮಾವನ ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಆಸ್ಪತ್ರೆ, ಬ್ಯಾಂಕು, ಎಲ್ಲಿಗೆ ಹೋದರೂ ಚೀಟಿ ಬರೆದು ತೋರಿಸಬೇಕು. ಅದನ್ನು ನೋಡಿ ನೋಡಿಯೇ ನಾನು ಈ ಕೆಲಸ ಕಲಿಯಲು ಹೊರಟಿದ್ದು. ಬಿ.ಎಚ್. ರಸ್ತೆ ಹತ್ತಿರ ಮಹಡಿ ಮೇಲೆ ಒಂದು ಕೋಚಿಂಗ್ ಸೆಂಟರ್ ಇತ್ತು. "ಮೂರು ತಿಂಗಳು ಸಾಕು ಮೇಡಂ, ಪರೀಕ್ಷೆಗೆ ನಾವೇ ಕೂರಿಸುತ್ತೇವೆ, ಸರ್ಕಾರದ ಸರ್ಟಿಫಿಕೇಟ್, ಕೋರ್ಟಿನಲ್ಲೂ ನಡೆಯುತ್ತೆ" ಅಂದರು. ನಂಬಿ ಕಟ್ಟಿದೆ.

ಅಲ್ಲಿ ಪಾಠ ಹೇಳಲು ಕಿವುಡರು ಒಬ್ಬರೂ ಇರಲಿಲ್ಲ. ಟಿವಿಯಲ್ಲಿ ವಿಡಿಯೊ ಹಾಕುವುದು, ನಾವು ನೋಡಿಕೊಂಡು ಕೈ ಆಡಿಸುವುದು, ಅಷ್ಟೇ. ಆಗಲೇ ಅನುಮಾನ ಬರಬೇಕಿತ್ತು.

ಎರಡನೇ ತಿಂಗಳು ಗುಬ್ಬಿಗೆ ಹೋದಾಗ ಖುಷಿಯಿಂದ ಅವಳ ಹೆಸರನ್ನು ಒಂದೊಂದೇ ಅಕ್ಷರವಾಗಿ ಬೆರಳಲ್ಲಿ ತೋರಿಸಿದೆ. ಅವಳು ಸ್ವಲ್ಪ ಹೊತ್ತು ಸುಮ್ನೆ ನೋಡಿದಳು. ಆಮೇಲೆ ನನ್ನ ತೊಡೆ ಮೇಲಿದ್ದ ಎಡಗೈ ಎತ್ತಿ, ಬಲಗೈ ಪಕ್ಕ ತಂದಿಟ್ಟಳು. ನಮ್ಮ ಭಾರತೀಯ ಸನ್ನೆ ಭಾಷೆಯಲ್ಲಿ ಹೆಚ್ಚಿನ ಅಕ್ಷರಗಳಿಗೆ ಎರಡೂ ಕೈ ಬೇಕು. ನನಗೆ ಕಲಿಸಿದ್ದು ಅಮೆರಿಕದವರ ಒಂದು ಕೈಯಿನ ಅಕ್ಷರ! ಅವತ್ತು ಅವಳಿಗೆ ಹೊಟ್ಟೆನೋವೂ ಇತ್ತು. ಎಲ್ಲಿ ನೋವು ಅಂತ ಕೇಳಿದೆ, ಸೆಂಟರಿನಲ್ಲಿ ಹೇಳಿಕೊಟ್ಟ ಹಾಗೆ ಇಂಗ್ಲಿಷ್ ವಾಕ್ಯದ ಸಾಲಿನಲ್ಲಿ, 'ಎಲ್ಲಿ' ಅನ್ನುವುದನ್ನು ಮೊದಲಿಟ್ಟು, ಮುಖದಲ್ಲಿ ಯಾವ ಭಾವವೂ ಇಲ್ಲದೆ. ಅವಳಿಗೆ ಅದು ಪ್ರಶ್ನೆ ಅಂತಲೇ ಗೊತ್ತಾಗಲಿಲ್ಲ. ಪ್ರಶ್ನೆಯ ಸನ್ನೆ ಕೊನೆಗೆ ಬರಬೇಕು, ಹುಬ್ಬು ಕಣ್ಣು ಎಲ್ಲ ಸೇರಿ ಕೇಳಬೇಕು. ಹುಬ್ಬು ಕೂಡ ವ್ಯಾಕರಣವೇ ಅಲ್ವಾ ಅಲ್ಲಿ.

ಆಮೇಲೆ ವಿಚಾರಿಸಿದೆ. ಇಂಟರ್‌ಪ್ರಿಟರ್ ಆಗಲು ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಮಾನ್ಯ ಮಾಡಿದ ಡಿಪ್ಲೊಮಾ ಇದೆ, ಅದು 2 ವರ್ಷದ್ದು. ಮಾನ್ಯತೆ ಇರುವ ಸಂಸ್ಥೆಯಲ್ಲಿ ಸೇರಿ ಓದಬೇಕು, ಪಾಸಾದ ಮೇಲೆ ಆರ್‌ಸಿಐಯಲ್ಲಿ ಹೆಸರು ನೋಂದಾಯಿಸಬೇಕು. ಕೇಳಿದ್ದನ್ನು ಸನ್ನೆಯಲ್ಲಿ ಹೇಳುವುದು ಅರ್ಧ ಕೆಲಸ ಅಷ್ಟೇ, ಕಿವುಡರ ಸನ್ನೆ ನೋಡುತ್ತಾ ಅದನ್ನು ಬಾಯಲ್ಲಿ ಹೇಳುವುದೂ ಬರಬೇಕು. ಟಿವಿ ನೋಡಿಕೊಂಡು ಅದು ಬರುತ್ತಾ? ಇದೆಲ್ಲ ಗೊತ್ತಾಗುವಷ್ಟರಲ್ಲಿ ಆ ವರ್ಷದ ಡಿಪ್ಲೊಮಾ ಪ್ರವೇಶ ಮುಗಿದಿತ್ತು.

ಸೆಂಟರಿನಲ್ಲಿ ದುಡ್ಡು ಕೇಳಿದರೆ ರಸೀದಿಯ ಹಿಂದೆ ಸಣ್ಣಕ್ಷರದಲ್ಲಿ 'ಹಣ ವಾಪಸ್ ಇಲ್ಲ' ಅಂತಿರುವುದನ್ನು ತೋರಿಸಿದರು.

ನೀವು ಕಟ್ಟುವ ಮೊದಲು ಆರ್‌ಸಿಐ ಪಟ್ಟಿಯಲ್ಲಿ ಆ ಸಂಸ್ಥೆಯ ಹೆಸರು ಇದೆಯಾ ನೋಡಿ. ಪಾಠ ಹೇಳುವ ಕಿವುಡ ಶಿಕ್ಷಕರು ಯಾರು ಅಂತ ಕೇಳಿ, ಇಲ್ಲ ಅಂದರೆ ಎದ್ದು ಬನ್ನಿ. ಬರೀ ಪದಗಳನ್ನು ಕಲಿಯುವುದಕ್ಕೆ ದುಡ್ಡೇ ಬೇಡ. ದೆಹಲಿಯ ಭಾರತೀಯ ಸನ್ನೆ ಭಾಷೆ ಸಂಶೋಧನೆ ಮತ್ತು ತರಬೇತಿ ಕೇಂದ್ರದವರ 10,000 ಪದಗಳ ವಿಡಿಯೊ ನಿಘಂಟು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ.

ನಿನ್ನೆ ಆ ಕಡೆ ಹೋಗಿದ್ದೆ. ಮಹಡಿ ಮೆಟ್ಟಿಲ ಹತ್ತಿರ ಹೊಸ ಬ್ಯಾಚಿನ ಬೋರ್ಡ್ ನಿಲ್ಲಿಸಿದ್ದಾರೆ, ಅದಕ್ಕೇ ಇವತ್ತೇ ಬರೆದೆ.