ಎಂಟು ಎಲ್‌ಇಡಿ, ಮೂರು ದಾರಿ: ಸಾಫ್ಟ್‌ವೇರ್ ಪಿಡಬ್ಲ್ಯೂಎಂ ಹೋಲಿಕೆ

ಪಿಡಬ್ಲ್ಯೂಎಂ ಅಂದರೆ ಎಲ್‌ಇಡಿಯನ್ನು ಬೇಗ ಬೇಗ ಆನ್-ಆಫ್ ಮಾಡಿ, ಉರಿಯುವ ಸಮಯದ ಪಾಲಿನಿಂದ ಬೆಳಕನ್ನು ಹೆಚ್ಚು ಕಡಿಮೆ ಮಾಡುವುದು. ಆರ್ಡುಯಿನೊ ಊನೊ ಎಂಬ ಪುಟ್ಟ ಮೈಕ್ರೊಕಂಟ್ರೋಲರ್ ಬೋರ್ಡ್‌ನಲ್ಲಿ ಇದನ್ನು ಚಿಪ್ ತಾನೇ ಮಾಡುವ ಹಾರ್ಡ್‌ವೇರ್ ಪಿಡಬ್ಲ್ಯೂಎಂ ಇರುವುದು 6 ಪಿನ್‌ಗಳಿಗೆ ಮಾತ್ರ. ನನಗೆ 8 ಎಲ್‌ಇಡಿಗಳ ಬೆಳಕನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸಬೇಕಿತ್ತು. ಹಾಗಾಗಿ ಸಾಫ್ಟ್‌ವೇರ್‌ನಲ್ಲೇ ಮೂರು ರೀತಿ ಮಾಡಿ ನೋಡಿದೆ. ಮೂರಕ್ಕೂ ಗುರಿ ಒಂದೇ: ಬೆಳಕಿಗೆ 256 ಹಂತ, ಸೆಕೆಂಡಿಗೆ 100 ಆನ್-ಆಫ್ ಸುತ್ತು.

ಮುಖ್ಯ ಲೂಪ್‌ನಲ್ಲೇ ಡಿಲೇ ಹಾಕಿ ಆನ್-ಆಫ್ ಮಾಡುವುದು ಬರೆಯಲು ಸುಲಭ, ಅಷ್ಟೇ. ಅದೇ ಲೂಪ್‌ನಲ್ಲಿ ಸೆನ್ಸರ್ ಓದಲು ಹೋದರೆ ಬೆಳಕು ನಡುಗುತ್ತದೆ. ಬೇರೆ ಕೆಲಸವೇ ಇಲ್ಲದಿದ್ದರೆ ಮಾತ್ರ ಇದು ಸರಿ.

ಟೈಮರ್ ಇಂಟರಪ್ಟ್ (ಚಿಪ್‌ನ ಟೈಮರ್ ಹೊತ್ತಿಗೆ ಸರಿಯಾಗಿ ಮುಖ್ಯ ಕೆಲಸವನ್ನು ತಡೆದು ಓಡಿಸುವ ಪುಟ್ಟ ಕೋಡ್) ಇಟ್ಟರೆ ಆ ನಡುಕ ಹೋಗುತ್ತದೆ. ಪ್ರತಿ ಇಂಟರಪ್ಟ್‌ಗೆ ಕೌಂಟರ್ ಒಂದು ಏರಿಸಿ, ಎಂಟೂ ಎಲ್‌ಇಡಿಗಳ ಮಟ್ಟದ ಜೊತೆ ಹೋಲಿಸಬೇಕು. ಆದರೆ ಸೆಕೆಂಡಿಗೆ 25,600 ಇಂಟರಪ್ಟ್! 16 ಮೆಗಾಹರ್ಟ್ಸ್ ಚಿಪ್‌ನಲ್ಲಿ ಒಂದೊಂದಕ್ಕೆ ಸಿಗುವುದು 625 ಕ್ಲಾಕ್. ಒಂದು ಪಿನ್ ಆನ್-ಆಫ್ ಮಾಡುವ ಆರ್ಡುಯಿನೊ ಫಂಕ್ಷನ್ ಡಿಜಿಟಲ್‌ರೈಟ್ ಅನ್ನು ಎಂಟು ಸಲ ಕರೆದರೆ ಅದರಲ್ಲಿ ಬಹುಪಾಲು ಅಲ್ಲೇ ಮುಗಿಯುತ್ತದೆ. ಎಂಟು ಪಿನ್‌ಗಳನ್ನು ಒಟ್ಟಿಗೆ ಬದಲಿಸುವ ಪೋರ್ಟ್‌ಗೆ ನೇರವಾಗಿ ಬರೆಯಲೇಬೇಕು.

ನನಗೆ ತುಂಬಾ ಹಿಡಿಸಿದ್ದು ಬಿಟ್ ಆಂಗಲ್ ಮಾಡ್ಯುಲೇಶನ್. ಇಲ್ಲಿ ಮಟ್ಟದ ಒಂದೊಂದು ಬಿಟ್‌ಗೂ ಅದರ ತೂಕದಷ್ಟು ಸಮಯ: 1, 2, 4, ಹೀಗೆ 128ರವರೆಗೆ. ಮಟ್ಟ 5 ಅಂದರೆ 1 ಮತ್ತು 4ರ ಪಾಲಿನಲ್ಲಿ ಎಲ್‌ಇಡಿ ಉರಿಯುತ್ತದೆ, ಉಳಿದಂತೆ ಆರಿರುತ್ತದೆ. ಒಂದು ಸುತ್ತಿಗೆ 8 ಇಂಟರಪ್ಟ್, ಸೆಕೆಂಡಿಗೆ ಬರೀ 800. ಒಂದೊಂದು ಬಿಟ್‌ನ ಪಾಲಿಗೆ ಯಾವ ಎಲ್‌ಇಡಿ ಉರಿಯಬೇಕು ಎಂದು ಹೇಳುವ ಎಂಟು ಬೈಟ್‌ಗಳನ್ನು ಮೊದಲೇ ಲೆಕ್ಕ ಹಾಕಿಟ್ಟರೆ ಇಂಟರಪ್ಟ್‌ನ ಕೆಲಸ ಒಂದು ಬೈಟನ್ನು ಪೋರ್ಟ್‌ಗೆ ಬರೆದು, ಟೈಮರ್‌ಗೆ ಮುಂದಿನ ಅವಧಿ ಕೊಡುವುದು. ಎಷ್ಟು ಚೆಂದ ಅಲ್ವಾ?

ಒಂದು ತೊಡಕಿದೆ. ಬೆಳಕು 127ರಿಂದ 128ಕ್ಕೆ ಏರುವಾಗ ಪಕ್ಕನೆ ಒಂದು ಮಿಣುಕು. 127ರಲ್ಲಿ ಸುತ್ತಿನ ಮೊದಲರ್ಧ ಉರಿಯುತ್ತದೆ, 128ರಲ್ಲಿ ಎರಡನೇ ಅರ್ಧ. ನಡುವೆ ಸುಮಾರು 10 ಮಿಲಿಸೆಕೆಂಡ್ ಕತ್ತಲು. 128ರ ಪಾಲನ್ನು ಎರಡು ಭಾಗ ಮಾಡಿ ಸುತ್ತಿನ ಎರಡೂ ತುದಿಗೆ ಇಟ್ಟ ಮೇಲೆ ಅದು ಕಣ್ಣಿಗೆ ಬೀಳಲಿಲ್ಲ. ಒಂದು ಇಂಟರಪ್ಟ್ ಜಾಸ್ತಿಯಾಯಿತು, ಪರವಾಗಿಲ್ಲ. ಹೊಸ ಮಟ್ಟವನ್ನು ಸುತ್ತು ಮುಗಿದ ಮೇಲೆಯೇ ಹಾಕಬೇಕು, ನಡುವೆ ಹಾಕಿದರೆ ಮತ್ತೆ ಮಿಣುಕುತ್ತದೆ.

ಮೂರು ನಾಲ್ಕು ಎಲ್‌ಇಡಿಗಳಿಗೆ ಕೌಂಟರ್ ದಾರಿಯೇ ಸಾಕು, ಓದಲೂ ಸುಲಭ. ಎಂಟಕ್ಕೆ ನಾನು ಬಿಟ್ ಆಂಗಲ್ ಅನ್ನೇ ಇಟ್ಟುಕೊಂಡೆ. ಇದಕ್ಕೆ ಇನ್ನೊಂದು ಕಾರಣ ಗಾಮಾ ಕೋಷ್ಟಕ, ಅಂದರೆ ಬೆಳಕಿನ ಏರಿಕೆ ಕಣ್ಣಿಗೆ ಸಮನಾಗಿ ಕಾಣುವಂತೆ ಮಟ್ಟಗಳನ್ನು ಬದಲಿಸುವ ಪಟ್ಟಿ. ನಮ್ಮ ಕಣ್ಣಿಗೆ ಮಂದ ಬೆಳಕಿನ ವ್ಯತ್ಯಾಸ ಬೇಗ ಕಾಣುತ್ತದೆ, ಅದಕ್ಕೆ ಕೋಷ್ಟಕ ಬೇಕೇ ಬೇಕು. ಆದರೆ 2.2 ಗಾಮಾ ಹಾಕಿದರೆ 8 ಬಿಟ್‌ನಲ್ಲಿ ಮೊದಲ 14 ಮಟ್ಟಗಳೂ ಸೊನ್ನೆಗೇ ಬೀಳುತ್ತವೆ. 10 ಬಿಟ್‌ಗೆ ಹೋದರೆ ಕೌಂಟರ್ ದಾರಿಯಲ್ಲಿ ಇಂಟರಪ್ಟ್ ನಾಲ್ಕು ಪಟ್ಟಾಗುತ್ತದೆ. ಬಿಟ್ ಆಂಗಲ್‌ನಲ್ಲಿ ಸುತ್ತಿಗೆ ಎರಡು ಮಾತ್ರ ಹೆಚ್ಚು.