ಮೂರು ಹೊಟ್ಟೆ, ಒಂದು ಆಫೀಸು

ನಾಟಕದಲ್ಲಿ ಬಸುರಿ ಪಾತ್ರ ಇದೆ ಅಂದ ತಕ್ಷಣ ಎಲ್ಲರೂ ಕೇಳೋದು ಒಂದೇ, "ದಿಂಬು ಎಲ್ಲಿದೆ?" ನಾನೂ ಹಾಗೇ ಕೇಳಿದವನು. ನಮ್ಮ ಹವ್ಯಾಸಿ ತಂಡದಲ್ಲಿ ಪರಿಕರದ ಕೆಲಸ ನನ್ನದು. ಒಂದೇ ನಾಟಕಕ್ಕೆ ಮೂರು ಥರದ ಹೊಟ್ಟೆ ಮಾಡಿ, ಮೂರನ್ನೂ ಪ್ರೇಕ್ಷಕರ ಮುಂದೆ ಇಟ್ಟು ನೋಡಿದ್ದೇನೆ. ಅದರ ಕಥೆ ಇದು.

ನಾಟಕ ನಾವೇ ಕೂತು ಬರೆದದ್ದು. ಆಫೀಸಿನಲ್ಲಿ ಒಬ್ಬಳು ಬಸುರಿ. ಮೂರನೇ ತಿಂಗಳಿಂದ ಒಂಬತ್ತರವರೆಗೆ, ತಿಂಗಳಿಗೊಂದರಂತೆ ಏಳು ದೃಶ್ಯ. ಪ್ರತಿ ದೃಶ್ಯದಲ್ಲೂ ಅವಳ ಹೊಟ್ಟೆ ದೊಡ್ಡದಾಗುತ್ತದೆ, ಮೇಜು ಚಿಕ್ಕದಾಗುತ್ತದೆ. ಕೊನೆಗೆ ಅವಳಿಗೆ ಉಳಿಯುವುದು ಒಂದು ಸ್ಟೂಲು. ಮೇಜು ಬದಲಾದಾಗಲೆಲ್ಲ ಮ್ಯಾನೇಜರ್ ನಗುತ್ತಾ "ಎಲ್ಲ ನಿಮ್ಮ ಅನುಕೂಲಕ್ಕೇ" ಅನ್ನುತ್ತಾನೆ. ಒಂದು ಕಡೆ, ವರ್ಷದ ಲೆಕ್ಕ ಮುಗಿಯುವ ವಾರಕ್ಕೇ ಹೆರಿಗೆ ಬರುತ್ತದೆ ಅಂತ ಗೊತ್ತಾಗಿ, "ಒಂದು ವಾರ ಮುಂದಕ್ಕೆ ಹಾಕೋಕಾಗುತ್ತಾ? ಡಾಕ್ಟರನ್ನ ಸುಮ್ನೆ ಕೇಳಿ ನೋಡಿ" ಅನ್ನುತ್ತಾನೆ. ಅವಳು ಅದಕ್ಕೂ ಒಂದು ಅರ್ಜಿ ಬರೆದುಕೊಡುತ್ತಾಳೆ.

ಈ ಜಾತಿಯ ನಾಟಕಗಳಲ್ಲಿ ಹೆಸರಾದದ್ದು ಮೈಕ್ ಬಾರ್ಟ್ಲೆಟ್ ಅವರ 'ಕಾಂಟ್ರಾಕ್ಷನ್ಸ್'. 2008ರಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಮೊದಲು ಆಡಿದ್ದು. ಆ ಹೆಸರಿಗೆ ಹೆರಿಗೆ ನೋವು ಅನ್ನೋ ಅರ್ಥವೂ ಉಂಟು, ಅದರೊಳಗೆ ಕಾಂಟ್ರಾಕ್ಟೂ ಅಡಗಿ ಕೂತಿದೆ. ಅಲ್ಲಿ ಹೆದರಿಸೋದು ಮ್ಯಾನೇಜರಳ ಮರ್ಯಾದೆಯ ಮಾತು. ನಮ್ಮ ನಾಟಕದಲ್ಲೂ ನಗು ಬರಬೇಕಾದದ್ದು ಮ್ಯಾನೇಜರ್ ಮೇಲೆ, ಹೊಟ್ಟೆ ಮೇಲೆ ಅಲ್ಲ. ಇದು ನನಗೆ ಅರ್ಥವಾಗೋಕೆ ಒಂದು ದಿಂಬು ಜಾರಬೇಕಾಯಿತು.

ಮೊದಲ ಪ್ರದರ್ಶನಕ್ಕೆ ದಿಂಬೇ. ಖರ್ಚಿಲ್ಲ, ಹೊಲಿಗೆ ಇಲ್ಲ, ಎರಡು ಲಾಡಿ ಕಟ್ಟಿದರೆ ಆಯಿತು. ತಾಲೀಮಿನಲ್ಲೇ ತಂಡದ ಹಿರಿಯಕ್ಕ ಒಬ್ಬರು ಹೇಳಿದ್ದರು, "ಏನಪ್ಪಾ, ಎಂಟು ತಿಂಗಳ ಬಸುರಿ ಹೊಟ್ಟೆ ಮಡಚಿಕೊಂಡು ಬಗ್ಗಿ ಫೈಲ್ ಎತ್ತುತ್ತಾಳಲ್ಲೋ!" ಎರಡು ಹೆತ್ತವರು ಅವರು. ನಾವು ಕೇಳಲಿಲ್ಲ. ಐದನೇ ದೃಶ್ಯದಲ್ಲಿ ಮ್ಯಾನೇಜರ್ "ನಿಮ್ಮ ಪ್ರಗತಿ ತೃಪ್ತಿಕರವಾಗಿದೆ" ಅನ್ನುವ ಹೊತ್ತಿಗೆ ಸರಿಯಾಗಿ ಲಾಡಿ ಬಿಚ್ಚಿಕೊಂಡು ಹೊಟ್ಟೆ ತೊಡೆಗೆ ಇಳಿಯಿತು. ಸಭೆ ಬಿದ್ದು ಬಿದ್ದು ನಕ್ಕಿತು. ಅಷ್ಟಕ್ಕೇ ಮುಗಿದಿದ್ದರೆ ಚಿಂತೆ ಇರಲಿಲ್ಲ. ಮುಂದಿನ ದೃಶ್ಯದಲ್ಲಿ ಅವಳು, "ಬೆಳಿಗ್ಗೆಯಿಂದ ಮಗು ಒದ್ದಿಲ್ಲ ಸಾರ್" ಅನ್ನುತ್ತಾಳೆ. ಅವನು ಗಡಿಯಾರ ನೋಡಿ, "ಊಟದ ಬ್ರೇಕಲ್ಲಿ ನೋಡ್ಕೊಳ್ಳಿ" ಅನ್ನುತ್ತಾನೆ. ನಗುತ್ತಿದ್ದವರು ಅಲ್ಲಿ ಗಪ್‌ಚಿಪ್ ಆಗಬೇಕು. ಅವತ್ತು ಅದಕ್ಕೂ ನಕ್ಕರು. ದಿಂಬಿಗೆ ನಗೋದು ರೂಢಿ ಆಗಿಬಿಟ್ಟಿತ್ತು.

ಎರಡನೆಯದಕ್ಕೆ ನಾನು ಮೂರು ವಾರ ಹೊಲಿದೆ. ಒಳಗೆ ಗಟ್ಟಿ ಸ್ಪಂಜು, ಮೇಲೆ ಹತ್ತಿ ಬಟ್ಟೆ, ನಡುವೆ ಮರಳಿನ ಚೀಲಗಳು. ಒಟ್ಟು 4 ಕೆಜಿ. ದಿನ ತುಂಬಿದಾಗ ಮಗುವೇ ಸುಮಾರು 3 ಕೆಜಿ ಇರುತ್ತದೆ. ಅದರ ಮೇಲೆ ಮಾಸು, ನೀರು, ಹಿಗ್ಗಿದ ಗರ್ಭಕೋಶ. ಅಂದರೆ ನಮ್ಮದು ಇನ್ನೂ ಹಗುರವೇ. ಚಿಕ್ಕದು, ನಡುವಿನದು, ದೊಡ್ಡದು ಅಂತ ಮೂರು ಅಳತೆ ಮಾಡಿದೆ, ಚಿಕ್ಕದಕ್ಕೆ ಮರಳು ಹಾಕಲಿಲ್ಲ. ಎತ್ತರಕ್ಕೂ ಲೆಕ್ಕ ಇದೆ. 20ನೇ ವಾರದ ಹೊತ್ತಿಗೆ ಗರ್ಭಕೋಶದ ತುದಿ ಹೊಕ್ಕುಳ ಮಟ್ಟಕ್ಕೆ ಬರುತ್ತದೆ. 36ರ ಹೊತ್ತಿಗೆ ಪಕ್ಕೆಲುಬಿನ ಕೆಳಗೆ. ಚೊಚ್ಚಲ ಬಸುರಿಯಾದರೆ ಆಮೇಲೆ ಹೊಟ್ಟೆ ಸ್ವಲ್ಪ ಇಳಿಯುವುದೇ ಹೆಚ್ಚು. ಅದಕ್ಕೆ ಕೊನೆ ದೃಶ್ಯದಲ್ಲಿ ಅದೇ ದೊಡ್ಡ ಹೊಟ್ಟೆಯನ್ನ ಎರಡು ಬೆರಳು ಕೆಳಗೆ ಕಟ್ಟಿದೆವು. ಸಭೆಯಲ್ಲಿ ಯಾರೂ ಗಮನಿಸಿರಲಿಕ್ಕಿಲ್ಲ. ಆ ಅಕ್ಕ ಮಾತ್ರ ಸೈಡ್ ವಿಂಗಿನಿಂದ ಹೆಬ್ಬೆರಳು ತೋರಿಸಿದರು.

ಭಾರ ಬಿದ್ದ ಮೇಲೆ ನಟಿಗೆ ನಾನು ಏನೂ ಹೇಳಿಕೊಡಬೇಕಾಗಲಿಲ್ಲ. ಮೈಭಾರ ಮುಂದಕ್ಕೆ ಬಂತು, ಸೊಂಟ ಒಳಗೆ ಬಾಗಿತು, ಕಾಲು ತಾನಾಗಿ ಅಗಲವಾಯಿತು. ನಿಜವಾದ ಬಸುರಿಯಲ್ಲಿ ರಿಲ್ಯಾಕ್ಸಿನ್ ಅನ್ನೋ ಹಾರ್ಮೋನು ಸೊಂಟದ ಕೀಲುಗಳನ್ನ ಸಡಿಲ ಮಾಡುತ್ತದೆ, ಅದು ಮರಳಿನಿಂದ ಬರೋದಿಲ್ಲ ಬಿಡಿ. ಆದರೆ ಎದ್ದು ನಿಲ್ಲೋ ಮುಂಚೆ ಎರಡೂ ಕೈ ತೊಡೆ ಮೇಲೆ ಊರಿ ಒಂದು ಕ್ಷಣ ತಡೆಯುತ್ತಾಳಲ್ಲ, ಅದು ಬಂತು. ಆ ಒಂದು ಕ್ಷಣ ಮ್ಯಾನೇಜರ್ ಪೆನ್ನು ಕುಟ್ಟುತ್ತಾ ಕಾಯುತ್ತಾನೆ. ಆ ಟಕ್ ಟಕ್ ಸದ್ದಿಗೇ ಜನ ನಕ್ಕರು, ಸರಿಯಾದ ಕಡೆಗೆ ನಕ್ಕರು.

ತೊಂದರೆಗಳೂ ಇದ್ದವು. ಬ್ಲ್ಯಾಕ್‌ಔಟ್‌ನಲ್ಲಿ ಹೊಟ್ಟೆ ಬದಲಿಸಬೇಕು. ಮೊದಲು ವೆಲ್ಕ್ರೋ ಹಾಕಿದ್ದೆ. ಕತ್ತಲಲ್ಲಿ, ಸೂಜಿ ಬಿದ್ದರೂ ಕೇಳಿಸೋ ಮೌನದಲ್ಲಿ, 'ಚರ್ರ್' ಅಂತ ಸದ್ದು. ಯಾರೋ ಹೆರಿಗೆನೇ ಆಯ್ತು ಅಂದುಕೊಂಡಿರಬೇಕು! ಹುಕ್ಕಿಗೆ ಬದಲಾಯಿಸಿದೆ. ಲೈಟಿನ ಕೆಳಗೆ ಸ್ಪಂಜು ಬೆವರು ಕುಡಿಯುತ್ತೆ, ಎರಡನೇ ಪ್ರದರ್ಶನಕ್ಕೇ ವಾಸನೆ. ಬಿಚ್ಚಿ ಒಗೆಯೋ ಒಳಹೊದಿಕೆ ಮಾಡದಿದ್ದರೆ ನಟಿ ನಿಮ್ಮನ್ನ ಬಿಡಲ್ಲ. ಬೆನ್ನುನೋವಿನ ತೊಂದರೆ ಇರುವವರಿಗೆ ಇಷ್ಟು ಭಾರ ಕಟ್ಟಲೇಬೇಡಿ.

ಮೂರನೆಯದು, ಹೊಟ್ಟೆಯೇ ಇಲ್ಲದ ಹೊಟ್ಟೆ. ಇದು ನಟಿಯದೇ ಐಡಿಯಾ. ಎದೆಗೆ ಒಂದು ಫೈಲ್ ಅವುಚಿಕೊಂಡು ಬರುತ್ತಾಳೆ. ದೃಶ್ಯದಿಂದ ದೃಶ್ಯಕ್ಕೆ ಫೈಲ್ ಮೈಯಿಂದ ಸ್ವಲ್ಪ ಸ್ವಲ್ಪವೇ ದೂರ ಹೋಗುತ್ತದೆ. ಕುರ್ಚಿ ಮೇಜಿನಿಂದ ಹಿಂದೆ ಸರಿಯುತ್ತದೆ. ಕೊನೆಗೆ ಕೀಬೋರ್ಡ್ ಮುಟ್ಟೋಕೆ ಕೈ ಪೂರ್ತಿ ಚಾಚಬೇಕು, ಆ ಖಾಲಿ ಜಾಗದಲ್ಲಿ ಹೊಟ್ಟೆ ಕಾಣುತ್ತದೆ. ನಲವತ್ತು ಐವತ್ತು ಜನ ಕೂರುವ ಕೋಣೆಯಲ್ಲಿ ಇದನ್ನ ಆಡಿದಾಗ ನನಗೇ ಮೈ ಜುಮ್ ಅಂದಿತು. "ಮಗು ಒದ್ದಿಲ್ಲ ಸಾರ್" ಅಂದಾಗ ಅವಳು ಕೈ ಇಟ್ಟದ್ದು ಗಾಳಿಯ ಮೇಲೆ. ಒಬ್ಬರೂ ಉಸಿರೆತ್ತಲಿಲ್ಲ.

ಅದೇ ಹುಮ್ಮಸ್ಸಿನಲ್ಲಿ ಮುನ್ನೂರು ಸೀಟಿನ ಸಭಾಂಗಣಕ್ಕೆ ಹೋಗಿ ಪೆಟ್ಟು ತಿಂದೆವು. ಮಧ್ಯಂತರದಲ್ಲಿ ಹಿಂದಿನ ಸಾಲಿನವರೊಬ್ಬರು ಬಂದು, "ಆ ಹುಡುಗಿ ಫೈಲ್ ಯಾಕೆ ಅಷ್ಟು ದೂರ ಹಿಡೀತಾಳೆ, ಚಾಳೀಸಾ?" ಅಂತ ಕೇಳಿದರು.

ಹಾಗಾಗಿ ಈಗ ನಮ್ಮ ರೂಢಿ ಹೀಗೆ. ದೊಡ್ಡ ಸಭಾಂಗಣ ಆದರೆ ಮರಳಿನ ಹೊಟ್ಟೆ. ಚಿಕ್ಕ ಜಾಗ ಆದರೆ ಬರೀ ಫೈಲು, ಆದರೆ ತಾಲೀಮು ಮಾತ್ರ ಭಾರ ಕಟ್ಟಿಕೊಂಡೇ. ಭಾರ ಹೊತ್ತ ಮೈ ಅದನ್ನ ಬಿಚ್ಚಿಟ್ಟ ಮೇಲೂ ಸುಮಾರು ದಿನ ಹಾಗೇ ನಡೆಯುತ್ತೆ. ಭಾರ ಹೊರದೇ ನೇರ ಫೈಲ್ ಹಿಡಿದವರದು ಬರೀ ಮೂಕಾಭಿನಯ ಆಗಿಬಿಡುತ್ತೆ. ಎರಡಕ್ಕೂ ಹಂಚಿ ಅಂಕ ಕೊಡು ಅಂದರೆ ನಾನು ಮರಳಿಗೇ ಜಾಸ್ತಿ ಕೊಡುತ್ತೇನೆ, ಹೊಲಿದವನ ಪಕ್ಷಪಾತ ಅಂದುಕೊಳ್ಳಿ.

ದಿಂಬನ್ನ ಎಸೆದಿಲ್ಲ. ಕೊನೆ ದೃಶ್ಯದಲ್ಲಿ ಅದು ಮ್ಯಾನೇಜರ್ ಕುರ್ಚಿಯಲ್ಲಿ ಇರುತ್ತದೆ. ಅವಳು ಒಂಬತ್ತು ತಿಂಗಳ ಹೊಟ್ಟೆ ಹೊತ್ತು ಸ್ಟೂಲಿನ ಮೇಲೆ ಕೂತಿರುತ್ತಾಳೆ. ಅವನು "ಅಯ್ಯೋ ಬೆನ್ನು" ಅನ್ನುತ್ತಾ ದಿಂಬು ಸರಿಮಾಡಿಕೊಂಡು ಒರಗುತ್ತಾನೆ.